ಮಿರ್ಚಿ ತಿಂದು ಹೋದ ಮಹಾರಾಜ

ಈಗಷ್ಟೇ ಶೇಂಗಾ ಎಣ್ಣೆಯ ಹೊಸ ಡಬ್ಬಿಯೊಂದನ್ನು ಒಡೆದು ಬಂದು ಕೂತಿದ್ದೇನೆ. ಒಡೆದೆ ಎಂದರೆ ದೊಡ್ಡ ಪರಾಕ್ರಮವೇನಲ್ಲ. ಒಂದು ಮೊಳೆ, ಒಂದು ಕಲ್ಲು, ಮೂಲೆಯಲ್ಲಿ ಒಂದು ತೂತು, ಗಾಳಿಯಾಡಲು ಎದುರಿಗೆ ಇನ್ನೊಂದು. ಆದರೆ ನನ್ನ ಕೈಗೆ ಕೊಟ್ಟ ಕೆಲಸ ಸುಸೂತ್ರವಾಗಿ ಮುಗಿದ ಇತಿಹಾಸವಿಲ್ಲ. ಹೆಬ್ಬೆರಳಿಗೆ ತಗಡಿನ ಅಂಚು ತಾಗಿ ರಕ್ತ ಬಂತು. ಹೆಂಡತಿ ಒಲೆಯ ಮುಂದಿನಿಂದಲೇ, "ಅದೇನು ಅಂಗಡ್ಯಾಗ ಸೀರಿ ಹರದಂಗಲ್ಲರಿ, ಕೈ ನೋಡ್ಕೊಂಡು ಮಾಡ್ರಿ" ಎಂದಳು. ನಾಳೆ ಹಿರಿಯರ ಹಬ್ಬ. ಹಗರಿಬೊಮ್ಮನಹಳ್ಳಿಯ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಈ ಹೊತ್ತಿಗೆ ಬೇಳೆ ಕುದಿಯುತ್ತಿರುತ್ತದೆ, ಡಬ್ಬಿಗಳು ಒಡೆಯುತ್ತಿರುತ್ತವೆ.

ಬೆರಳು ಬಾಯಲ್ಲಿಟ್ಟುಕೊಂಡು ನಿಂತವನ ಮೂಗಿಗೆ ಆ ವಾಸನೆ ಬಡಿಯಿತು: ತಗಡು ಮತ್ತು ಹಸಿ ಶೇಂಗಾ ಎಣ್ಣೆ ಎರಡೂ ಕೂಡಿದ ವಾಸನೆ. ನೀವು ನಗುವುದಿಲ್ಲ ಎಂದರೆ ಒಂದು ಮಾತು ಹೇಳುತ್ತೇನೆ. ಈ ವಾಸನೆ ಬಂದಾಗಲೆಲ್ಲ ನಾನು ಒಂದು ಕಾಲದಲ್ಲಿ ಮಹಾರಾಜನಾಗಿದ್ದೆ ಎಂಬುದು ನೆನಪಾಗುತ್ತದೆ. ಅದೂ ಬದುಕಿದ್ದ ಮಹಾರಾಜನಲ್ಲ, ಸತ್ತವನು. ನಕ್ಕಿರಿ ತಾನೆ? ನಗಿ, ನಗಿ. ಆ ದಿನ ಕೊಟ್ಟೂರಿನ ಕಾಲೇಜಿನ ಸಭಾಂಗಣದಲ್ಲಿ ಕೂತಿದ್ದವರೂ ಹೀಗೇ ನಕ್ಕಿದ್ದರು.

ಇದು ತೊಂಬತ್ತರ ದಶಕದ ನಡುವಿನ ಮಾತು. ನಮ್ಮಪ್ಪನ ಬಟ್ಟೆ ಅಂಗಡಿ ಆಗ ಕೊಟ್ಟೂರಿನಲ್ಲಿತ್ತು. ಗಲ್ಲೆಯ ಮೇಲೆ ಕೂತು ಸೀರೆ ಮಡಿಸುವ ಕೆಲಸದಿಂದ ತಪ್ಪಿಸಿಕೊಳ್ಳಲೆಂದೇ ನಾನು ಬಿ.ಎ. ಸೇರಿದೆ, ಸೇರಿದ ಮೇಲೆ ಗತ್ತಿಗೆಂದು ಐಚ್ಛಿಕ ಇಂಗ್ಲಿಷ್ ಆರಿಸಿಕೊಂಡೆ. ಈಗ ಇಲ್ಲಿ ಸ್ವಂತ ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದೇನೆ ಎಂಬುದು ಬೇರೆ ವಿಷಯ. ಐಚ್ಛಿಕ ಇಂಗ್ಲಿಷಿನ ನಾವೆಲ್ಲ ಸೇರಿದರೆ ಎರಡು ಬೆಂಚು ತುಂಬುತ್ತಿರಲಿಲ್ಲ. ನಮಗೆ ಪಾಠಕ್ಕಿದ್ದದ್ದು ಪರದೇಶದ ಒಂದು ಹಳೆಯ ಸೇಡಿನ ನಾಟಕ. ಪಾಠ ಮಾಡುತ್ತಿದ್ದವರು ಹರಪನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಇಂಗ್ಲಿಷ್ ಸರ್.

ಸರ್ ಆ ನಾಟಕದ ಮೊದಲನೇ ಅಂಕವನ್ನು ದಾಟಿ ಮುಂದೆ ಹೋದವರೇ ಅಲ್ಲ. ಹಿಂದಿನ ವರ್ಷದವರಿಗೂ ಅಷ್ಟೇ, ಅದರ ಹಿಂದಿನವರಿಗೂ ಅಷ್ಟೇ. ಯಾರಾದರೂ ಕೇಳಿದರೆ, "ಮೊದಲನೇ ಅಂಕದಾಗೇ ಎಲ್ಲಾ ಐತೆ ಕಣ್ರಪ್ಪಾ. ಮುಂದಕ್ಕೆ ಬರೇ ಹೊಡ್ದಾಟ, ಹೆಣ ಬೀಳೋದು. ಅದನ್ನ ಮನೆಯಾಗೇ ಓದ್ಕಳ್ರಿ" ಎನ್ನುತ್ತಿದ್ದರು. ಚಳಿ ದೇಶ. ಕೋಟೆಯ ಮೇಲೆ ಕಾವಲುಗಾರರು. ಯಾರನ್ನು ಯಾರೂ ನಂಬದ ಸಮಯ. ಆಗ ಸತ್ತ ಮಹಾರಾಜ ಯುದ್ಧದ ಕವಚ ತೊಟ್ಟು ಮೌನವಾಗಿ ನಡೆದು ಹೋಗುತ್ತಾನೆ. ಒಳಗೆ ಅರಮನೆಯಲ್ಲಿ ಅವನ ತಮ್ಮ ಸಿಂಹಾಸನದ ಮೇಲೆ ಕೂತಿದ್ದಾನೆ, ರಾಣಿಯನ್ನು ಮದುವೆಯೂ ಆಗಿದ್ದಾನೆ. ಎಲ್ಲರೂ ಬಣ್ಣದ ಬಟ್ಟೆ ತೊಟ್ಟು ಸಂಭ್ರಮಿಸುವಾಗ ರಾಜಕುಮಾರ ಒಬ್ಬನೇ ಕಪ್ಪು ಬಟ್ಟೆಯಲ್ಲಿ, ಅಪ್ಪನ ದುಃಖ ಬಿಡದೆ ನಿಂತಿದ್ದಾನೆ. ಆ ಅಪ್ಪ ದೆವ್ವವಾಗಿ ಬಂದು, ತಮ್ಮನೇ ನನ್ನ ಕಿವಿಗೆ ವಿಷ ಹೊಯ್ದು ಕೊಂದ, ಸೇಡು ತೀರಿಸು ಎನ್ನುತ್ತಾನೆ. ಇಷ್ಟನ್ನು ಸರ್ ಒಂದು ವರ್ಷ ಹೇಳುತ್ತಿದ್ದರು. ನಮಗೂ ಬೇಸರವಾಗುತ್ತಿರಲಿಲ್ಲ.

ಚಳಿಯೆಂದರೆ ಏನೆಂದು ನಮಗೆ ತಿಳಿಸುವುದಕ್ಕೇ ಸರ್‌ಗೆ ಒಂದು ವಾರ ಹಿಡಿಯಿತು. ಕೊಟ್ಟೂರಿನ ಸೆಖೆಯಲ್ಲಿ ಹೆಂಚಿನ ಕೆಳಗೆ ಕೂತು ಬೆವರು ಒರೆಸಿಕೊಳ್ಳುತ್ತ ಹಿಮ ಬೀಳುವ ಕೋಟೆಯನ್ನು ಕಲ್ಪಿಸಿಕೊಳ್ಳಬೇಕು. ಕಾವಲುಗಾರರ ಭಯವನ್ನು ಮಾತ್ರ ನಾವು ಬೇಗ ಹಿಡಿದುಬಿಟ್ಟೆವು. ರಾತ್ರಿ ಶೇಂಗಾ ಹೊಲಕ್ಕೆ ಹಂದಿ ನುಗ್ಗದಂತೆ ಕಾಯಲು ಹೋದವರು ನಮ್ಮಲ್ಲಿ ಇಬ್ಬರಿದ್ದರು. ಕಿವಿಯ ವಿಷದ ಭಾಗ ಬಂದಾಗ ತಗಡಿನ ಕೆಲಸದವರ ಮಗಳು ನಸೀಮಾ ಎದ್ದು, "ಸರ್, ನಮ್ಮಪ್ಪಾಗ ಕಿವಿ ನೋವಾದ್ರ ಅಮ್ಮ ಬಳ್ಳೊಳ್ಳಿ ಎಣ್ಣಿ ಬಿಡ್ತಾಳ. ಇನ್ ಮ್ಯಾಲೆ ಅಪ್ಪ ಬಿಡಿಸ್ಕಣಂಗಿಲ್ಲ ನೋಡ್ರಿ" ಎಂದಳು. ಸರ್ ಪುಸ್ತಕ ಮುಚ್ಚಿ ನಕ್ಕರು.

ಆದರೆ ರಾಣಿಯ ಮರುಮದುವೆಯ ಮಾತು ಬಂದ ದಿನ ತರಗತಿ ಬೇರೆಯಾಯಿತು. ಅದಕ್ಕೆ ಕಾರಣ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಕೊಟ್ರೇಶ.

ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ನಿಂತು ಕೊಟ್ರೇಶಾ ಎಂದು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ. ಹಾಗಾಗಿ ನಮ್ಮವನು ಮಿರ್ಚಿ ಕೊಟ್ರೇಶ. ನಿಲ್ದಾಣದ ಹೊರಗೆ ಬೇವಿನ ಮರದ ಕೆಳಗೆ ಅವನ ತಾಯಿ ಗಂಗಮ್ಮ ಮಿರ್ಚಿ-ಮಂಡಕ್ಕಿಯ ಅಂಗಡಿ ಇಟ್ಟಿದ್ದಳು. ಅವನಪ್ಪ ಇವನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಜ್ವರ ಬಂದು ತೀರಿಕೊಂಡಿದ್ದ. ಅಂದಿನಿಂದ ಬಾಣಲೆಯ ಮುಂದೆ ಗಂಗಮ್ಮ, ಅವಳ ಬೆನ್ನಿಗೆ ಮೊರದ ತುಂಬ ಮೆಣಸಿನಕಾಯಿ ಸೀಳುತ್ತ ಅವಳ ಅತ್ತೆ ಹಾಲಮ್ಮಜ್ಜಿ. ಸತ್ತವನ ತಾಯಿ ಮತ್ತು ಸತ್ತವನ ಹೆಂಡತಿ ಒಂದೇ ಒಲೆಯ ಮುಂದೆ ದಿನವಿಡೀ ಜಗಳವಾಡುತ್ತ ಒಬ್ಬರನ್ನೊಬ್ಬರು ಬಿಟ್ಟಿರದೆ ಬದುಕಿದ್ದರು. ಸೀಳಿದ ಕಾಯಿಗೆ ಹುಣಸೆ ಹುಳಿ, ಅಜವಾನ ತುಂಬಿ ಎರಡು ಸಲ ಕರಿಯುವ ಪದ್ಧತಿ ಅವರದೇ. ಅದು ಸತ್ತವನಿಗೆ ಇಷ್ಟವಾದ ಮಿರ್ಚಿಯಾಗಿತ್ತಂತೆ, ಅವನು ಹೋದ ಮೇಲೂ ಹಾಗೆಯೇ ನಡೆದುಬಂದಿತ್ತು.

ಅವರ ಅಂಗಡಿಗೆ ಹಸಿಮೆಣಸಿನಕಾಯಿ ತರುತ್ತಿದ್ದವನು ಚಿಗಟೇರಿಯ ಗುರುಶಾಂತಪ್ಪ. ಹೆಂಡತಿ ಸತ್ತವನು, ಮಕ್ಕಳಿಲ್ಲ, ಮಾತು ಬಹಳ ಕಡಿಮೆ. ಚೀಲ ಇಳಿಸಿ, ಒಂದು ಮಿರ್ಚಿ ತಿಂದು, ನೀರು ಕುಡಿದು ಹೋಗುತ್ತಿದ್ದ. ಒಂದು ದಿನ ಅವನು ಚೀಲ ಇಳಿಸಿದವನು ಹೋಗದೆ ನಿಂತು, ನೇರವಾಗಿ ಹಾಲಮ್ಮಜ್ಜಿಯನ್ನೇ ಕೇಳಿಬಿಟ್ಟ: ಗಂಗಮ್ಮನನ್ನು ಉಡಿಕಿ ಮಾಡಿಕೊಳ್ಳಲೇ ಎಂದು. ನಮ್ಮ ಕಡೆ ಗಂಡ ಸತ್ತವಳನ್ನು ಮತ್ತೆ ಮದುವೆಯಾಗುವುದಕ್ಕೆ ಉಡಿಕಿ ಎನ್ನುತ್ತಾರೆ. ಹಂದರ ಇಲ್ಲ, ವಾಲಗ ಇಲ್ಲ. ಗಂಡು ಒಂದು ಸೀರೆ ತಂದು ಉಡಿಸಿ, ಬಳೆ ಇಡಿಸಿ, ತಾಳಿ ಕಟ್ಟಿದರೆ ಆಯಿತು. ಹಿಂದೆಲ್ಲ ಹೊತ್ತು ಮುಳುಗಿದ ಮೇಲೆ, ಯಾರಿಗೂ ಕಾಣದ ಹಾಗೆ ಮುಗಿಸುತ್ತಿದ್ದರಂತೆ.

ಅಜ್ಜಿ ಯೋಚಿಸಿ ಒಪ್ಪಿದಳು. ಗಂಗಮ್ಮ ಮಾತ್ರ ಒಂದು ಷರತ್ತು ಹಾಕಿದಳು. "ನನ್ ಮಗ ಹೂಂ ಅಂದ್ರ ಉಡತೀನಿ. ಅವನು ಒಲ್ಲೆ ಅಂದ್ರ ಹಿಂಗಾ ಇರತೀನಿ. ಎರಡನೇ ಸಲ ಕೇಳಬ್ಯಾಡ್ರಿ." ಅಷ್ಟರಲ್ಲಿ ಗುರುಶಾಂತಪ್ಪ ನಮ್ಮ ಅಂಗಡಿಗೆ ಬಂದು ಸೀರೆ ಆರಿಸಿಯೂ ಆಗಿತ್ತು. ಎಲೆ ಹಸಿರು ಬಣ್ಣ, ಕೆಂಪು ಅಂಚಿನ ಇಳಕಲ್ಲು. ಅದನ್ನು ಮನೆಗೆ ಒಯ್ಯುವಂತಿರಲಿಲ್ಲ, ಹಿಂದಿರುಗಿಸಲು ಅವನಿಗೆ ಮನಸ್ಸಿರಲಿಲ್ಲ. "ಇಲ್ಲೇ ಇರ್ಲಿ ಸಾವ್ಕಾರ್ರ" ಎಂದು ಹೇಳಿ ಹೋದ. ನಮ್ಮಪ್ಪ ಅದನ್ನು ಮೇಲಿನ ಕಪಾಟಿನಲ್ಲಿ ಬೇರೆಯಾಗಿ ಇಟ್ಟ. ದಿನಾ ಧೂಳು ಹೊಡೆಯುವಾಗ ನನ್ನ ಕೈಗೆ ಅದು ತಗಲುತ್ತಿತ್ತು.

ಕೊಟ್ರೇಶ ಒಪ್ಪಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಅವನು ಮಾತೇ ಬಿಟ್ಟುಬಿಟ್ಟ. ತಾಯಿ ಬಡಿಸಿದ್ದನ್ನು ತಲೆ ಎತ್ತದೆ ಉಂಡು ಕಾಲೇಜಿಗೆ ಬರುತ್ತಿದ್ದ. ಒಮ್ಮೆ ಕೆರೆಯ ಏರಿಯ ಮೇಲೆ ಕೂತಾಗ ನನ್ನ ಹತ್ತಿರ ಮಾತ್ರ ಬಾಯಿಬಿಟ್ಟ. "ನಾನೂ ಹೂಂ ಅಂದ್ಬಿಟ್ರ ನಮ್ಮಪ್ಪಗ ಯಾರದಾರಲೇ? ಅವನ ಕಡಿಗೆ ಒಬ್ಬನಾದ್ರೂ ಇರಬೇಕಲ್ಲ." ನನ್ನಪ್ಪ ದಿನಾ ನನ್ನನ್ನು ಬೈಯುತ್ತ ಗಟ್ಟಿಮುಟ್ಟಾಗಿದ್ದ. ಅಪ್ಪನಿಲ್ಲದವನಿಗೆ ಬುದ್ಧಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಇಬ್ಬರೂ ಕಲ್ಲು ಎಸೆಯುತ್ತ ಕೂತೆವು.

ಅಂಥವನ ಮುಂದೆ ಸರ್ ಆ ರಾಣಿಯ ಮದುವೆಯ ಪಾಠ ತೆಗೆದರು. ಅವರಿಗೆ ಇದೇನೂ ಗೊತ್ತಿರಲಿಲ್ಲ. ತರಗತಿಯಲ್ಲಿ ಯಾರೋ, "ಇದ್ರಾಗ ತಪ್ಪೇನೈತಿ ಸರ್? ಮೈದುನ ಉಡಿಕಿ ಮಾಡ್ಕಂಡಾನ. ನಮ್ಮ ಕಡಿ ನಡೀತೈತಿ" ಎಂದರು. ಕೊಟ್ರೇಶ ಎದ್ದುನಿಂತ. ಎಂದೂ ಬಾಯಿಬಿಡದವನು ರಾಜಕುಮಾರನ ಪರವಾಗಿ ಗಂಟೆ ಹೊಡೆಯುವವರೆಗೂ ವಾದ ಮಾಡಿದ. ಅಪ್ಪನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇರುವಾಗ ಹೀಗೆ ಮಾಡಬಹುದೇ ಎಂದು ಕೇಳಿದ. ಅಪ್ಪನ ಚಪ್ಪಲಿ ನಾಟಕದ್ದಲ್ಲ, ಅವನ ಮನೆಯದು. ಸರ್‌ಗೆ ಅದು ಹೊಳೆಯಲಿಲ್ಲ, ಅವರು ಕಣ್ಣಲ್ಲಿ ನೀರು ತಂದುಕೊಂಡು, "ಸಿಕ್ಕ ಕಣ್ರೋ ರಾಜಕುಮಾರ! ಈ ಸಲ ಗ್ಯಾದರಿಂಗಿಗೆ ಮೊದಲನೇ ಅಂಕ ಆಡೇ ಬಿಡಾಣ" ಎಂದು ಘೋಷಿಸಿದರು. ಗ್ಯಾದರಿಂಗ್ ಎಂದರೆ ನಮ್ಮ ಕಾಲೇಜಿನ ವಾರ್ಷಿಕೋತ್ಸವ.

ಸರ್ ಆ ಅಂಕವನ್ನು ಗಂಭೀರವಾದ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ ತಂದರು. ಕೊಟ್ರೇಶ ರಾಜಕುಮಾರ. ರಾಣಿಯಾಗಲು ಹುಡುಗಿಯರೆಲ್ಲ ಹಿಂದೆ ಸರಿದಾಗ ನಸೀಮಾ, "ನಾನ್ ಆಕ್ಕೀನಿ ಬಿಡ್ರಿ, ಕುರ್ಚಿ ಮ್ಯಾಲೆ ಕುಂದ್ರೋ ಪಾತ್ರ ಸಿಗಬೇಕಾದ್ರ ಪುಣ್ಯ ಬೇಕು" ಎಂದಳು. ನಾನು ಎತ್ತರವಾಗಿದ್ದೆ, ತೆಳ್ಳಗಿದ್ದೆ, ಕಣ್ಣು ಒಳಗೆ ಹೋಗಿದ್ದವು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಸರ್ ಇನ್ನೊಬ್ಬರನ್ನು ನೋಡಲೇ ಇಲ್ಲ. ದೆವ್ವದ ಪಾತ್ರ ನನಗೆ ಹುಟ್ಟಿನಿಂದಲೇ ಮೀಸಲಾಗಿತ್ತೆಂದು ಕಾಣುತ್ತದೆ.

ದೆವ್ವಕ್ಕೆ ಕವಚ ಬೇಕಲ್ಲ? ನಸೀಮಾಳ ಅಪ್ಪ ಮಾಡಿಕೊಡಲು ಒಪ್ಪಿದರು, ತಗಡು ನಾವೇ ತರಬೇಕು ಎಂದರು. ಕೊಟ್ರೇಶ ತಮ್ಮ ಅಂಗಡಿಯ ಹಿಂದೆ ಒಟ್ಟಿದ್ದ ಖಾಲಿ ಎಣ್ಣೆ ಡಬ್ಬಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ. ಅವರು ಅವನ್ನು ಕತ್ತರಿಸಿ, ಬಡಿದು, ಎದೆಗೊಂದು, ಬೆನ್ನಿಗೊಂದು ಹಲಗೆ, ತಲೆಗೆ ಕಣ್ಣು, ಬಾಯಿ ಮಾತ್ರ ತೆರೆದಿರುವ ಶಿರಸ್ತ್ರಾಣ, ಎಲ್ಲ ಮಾಡಿಕೊಟ್ಟರು. ಕೆಲಸ ಚೊಕ್ಕವಾಗಿತ್ತು. ಆದರೆ ನನ್ನ ಎದೆಯ ಮೇಲೆ ಶೇಂಗಾಕಾಯಿಯ ಚಿತ್ರ ಹಾಗೆಯೇ ಉಳಿದಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಎಣ್ಣೆಯ ವಾಸನೆ ಹೋಗಲಿಲ್ಲ. ನಾನು ನಡೆದರೆ ಸತ್ತ ರಾಜನ ಗಾಂಭೀರ್ಯಕ್ಕಿಂತ ಮೊದಲು ಬಾಣಲೆಯ ವಾಸನೆ ವೇದಿಕೆಗೆ ಬರುತ್ತಿತ್ತು.

ತಾಲೀಮಿನಲ್ಲಿ ಕೊಟ್ರೇಶನನ್ನು ನೋಡಿದರೆ ಭಯವಾಗುತ್ತಿತ್ತು. ಪರಿಚಯದ ವಕೀಲರೊಬ್ಬರಿಂದ ತಂದ ಕಪ್ಪು ಕೋಟು ತೊಟ್ಟು ಅವನು ತಾಯಿಯನ್ನು ಕುರಿತ ಮಾತು ಹೇಳುತ್ತಿದ್ದರೆ ನಸೀಮಾ ಕೂಡ ತಮಾಷೆ ಮರೆತು ತಲೆ ತಗ್ಗಿಸುತ್ತಿದ್ದಳು. ಹಿಂದಿನ ದಿನ ಅವನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ನಮ್ಮವ್ವಗ, ಅಜ್ಜಿಗೆ ಬಾ ಅಂತ ಹೇಳೀನಿ. ಮುಂದಿನ ಸಾಲಿನ್ಯಾಗ ಕುಂದ್ರಸ್ತೀನಿ. ಮನ್ಯಾಗ ನಾನು ಹೇಳಾಕ ಬರಲಾರದ್ದು, ಅಲ್ಲಿ ಕೇಳಿಸ್ಕಳ್ಲಿ." ಆಗ ನನಗೆ ತಿಳಿಯಿತು. ನಮಗೆಲ್ಲ ಅದು ಗ್ಯಾದರಿಂಗ್. ಅವನಿಗೆ ತನ್ನ ತಾಯಿಯ ವಿಚಾರಣೆ. ಅವಳು ಆ ಮಾತು ಕೇಳಿಸಿಕೊಂಡು ಮನೆಗೆ ಹೋದರೆ ಆ ಹಸಿರು ಸೀರೆ ನಮ್ಮ ಕಪಾಟಿನಿಂದ ಎಂದೂ ಇಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಸಂಜೆ ಕರೆಂಟ್ ಇರುವುದಿಲ್ಲವೆಂದು ನಾಟಕವನ್ನು ಊಟದ ನಂತರದ ಹೊತ್ತಿಗೇ ಇಟ್ಟಿದ್ದರು. ಸುಡುಬಿಸಿಲು. ಹಿಮದ ಕೋಟೆಗಾಗಿ ಕಿಟಕಿಗಳಿಗೆಲ್ಲ ಜಮಖಾನ ಕಟ್ಟಿದ್ದರು; ಸಭಾಂಗಣ ಕೋಟೆಯ ಬದಲು ಇಡ್ಲಿ ಬೇಯುವ ಪಾತ್ರೆಯಂತಾಗಿತ್ತು. ಕಂಬಳಿ ಹೊದ್ದು ನಡುಗುವ ಕಾವಲುಗಾರರು ಬೆವರಿ ತೊಪ್ಪೆಯಾದರು. ಇನ್ನು ನನ್ನ ಪಾಡು. ಬೆಳಿಗ್ಗೆಯೇ ತಂತಿ ಬಿಗಿದು ಕವಚ ತೊಡಿಸಿದ್ದರು. ಬಿಚ್ಚಿದರೆ ಮತ್ತೆ ಕಟ್ಟುವುದು ಕಷ್ಟವೆಂದು ಊಟಕ್ಕೂ ಬಿಡಲಿಲ್ಲ. ಮಹಾರಾಜ ಹಸಿದು, ಬೆಂದು, ಪರದೆಯ ಹಿಂದೆ ಒಂದು ಸ್ಟೂಲಿನ ಮೇಲೆ ಕೂತಿದ್ದ. ಕವಚ ಬಗ್ಗದ ಕಾರಣ ಸರಿಯಾಗಿ ಕೂತಿರಲೂ ಇಲ್ಲ.

ನನ್ನ ಮೊದಲ ಪ್ರವೇಶ ಮೌನದ್ದು. ಸುಮ್ಮನೆ ಈ ತುದಿಯಿಂದ ಆ ತುದಿಗೆ ನಡೆದು ಹೋಗುವುದು. ಜಮಖಾನದ ಒಂದು ಸಂದಿಯಿಂದ ಬಿಸಿಲಿನ ಕೋಲೊಂದು ನೇರ ನನ್ನ ಎದೆಯ ತಗಡಿಗೆ ಬಿದ್ದು, ಅಲ್ಲಿಂದ ಪ್ರಿನ್ಸಿಪಾಲರ ಕಣ್ಣಿಗೆ ಹೊಡೆಯಿತು. ಅವರು ಕೈ ಅಡ್ಡ ಹಿಡಿದರು. ಹಿಂದಿನಿಂದ ಯಾರೋ, "ಎಲ್ಲೋ ಮಿರ್ಚಿ ಕರ್ಯಾಕತ್ಯಾರಲೇ" ಎಂದರು. ಸಭೆಯೆಲ್ಲ ಮೂಗು ಅರಳಿಸಿತು, ನಕ್ಕಿತು. ನಾನು ಘನತೆಯಿಂದ ನಡೆದು ಹೋಗಿ ಪರದೆಗೆ ಸಿಕ್ಕಿಹಾಕಿಕೊಂಡೆ.

ಅರಮನೆಯ ದೃಶ್ಯ ಬಂದಾಗ ಮಾತ್ರ ನಗು ನಿಂತಿತು. ಕೊಟ್ರೇಶ ಮುಂದೆ ಬಂದು ನಿಂತ. ರಾಣಿಯನ್ನು ನೋಡಿ ಹೇಳಬೇಕಾದ ಮಾತನ್ನು ಮುಂದಿನ ಸಾಲನ್ನು ನೋಡಿ ಹೇಳಿದ. "ತಾಯೇ, ಕಣ್ಣೀರು ಆರುವ ಮುನ್ನ ಕುಂಕುಮ ಹುಡುಕಿದೆಯಾ? ಒಲೆಯ ಬೂದಿ ತಣಿಯುವ ಮುನ್ನ ಹೊಸ ಬೆಂಕಿ ಹೊತ್ತಿಸಿದೆಯಾ?" ಸರ್ ಬರೆದ ಮಾತುಗಳೇ. ಆದರೆ ಅವನ ಬಾಯಲ್ಲಿ ಅವು ಗ್ರಾಂಥಿಕವಾಗಿ ಕೇಳಿಸಲಿಲ್ಲ. ನಾನು ಪರದೆಯ ಸಂದಿಯಿಂದ ನೋಡಿದೆ. ಗಂಗಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತಿದ್ದಳು. ಎಣ್ಣೆಯ ಕಲೆಗಳಿದ್ದ ಅವಳ ಎರಡೂ ಕೈ ಮಡಿಲಲ್ಲಿ ಬಿದ್ದಿದ್ದವು. ಪಕ್ಕದಲ್ಲಿ ಹಾಲಮ್ಮಜ್ಜಿ ತೊಡೆಯ ಮೇಲೆ ಬಟ್ಟೆಯ ಗಂಟೊಂದನ್ನು ಇಟ್ಟುಕೊಂಡು, ಮೊಮ್ಮಗನನ್ನು ರೆಪ್ಪೆ ಹೊಡೆಯದೆ ನೋಡುತ್ತಿದ್ದಳು.

ಮುಂದಿನದು ನನ್ನ ದೃಶ್ಯ. ದೆವ್ವ ಮತ್ತು ಮಗ, ಇಬ್ಬರೇ. ನಾನು ಹೋಗಿ ನಿಂತು, ಕೈ ಎತ್ತಿ, ತಗಡಿನೊಳಗಿಂದ ಗುಡುಗಿದೆ. "ಮಗನೇ! ನಿನ್ನ ತಂದೆ ಬಂದಿದ್ದೇನೆ. ನನಗೆ ನೆಮ್ಮದಿಯಿಲ್ಲ. ಅಲೆಯುತ್ತಿದ್ದೇನೆ!"

ಮುಂದಿನ ಸಾಲಿನಿಂದ ಒಂದು ದನಿ ಬಂತು.

"ಹಸಿವಾಗೈತೇನಪಾ?"

ಹಾಲಮ್ಮಜ್ಜಿ ಎದ್ದುನಿಂತಿದ್ದಳು. ನೀವು ನಮ್ಮ ಕಡೆಯವರಾಗಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಸತ್ತವರು ಸೇಡಿಗೆಂದು ಬರುವುದಿಲ್ಲ. ಕನಸಿನಲ್ಲಿ ಕಂಡರೆ, ಬಾಗಿಲಲ್ಲಿ ನಿಂತಂತಾದರೆ, ಅವರು ಹಸಿದಿದ್ದಾರೆ ಎಂದೇ ಅರ್ಥ. ಬೆಳಗಾಗುತ್ತಲೇ ಅವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ಹೊರಗೆ ಕೂತು, ಉಂಡು ಹೋಗಲು ಬಿಡುತ್ತಾರೆ. ಸತ್ತ ರಾಜ ಎರಡೆರಡು ಸಲ ಬಂದು ನಿಂತಿದ್ದಾನೆ, ನೆಮ್ಮದಿಯಿಲ್ಲ ಎನ್ನುತ್ತಿದ್ದಾನೆ, ಇಷ್ಟು ಜನರಲ್ಲಿ ಒಬ್ಬರೂ ಉಂಡೆಯಾ ಎಂದು ಕೇಳುತ್ತಿಲ್ಲ. ಅಜ್ಜಿಗೆ ಅದನ್ನು ಸಹಿಸಲಾಗಲಿಲ್ಲ.

ಅವಳು ಗಂಟು ಹಿಡಿದು ಮೆಟ್ಟಿಲು ಹತ್ತಿ ಬಂದೇಬಿಟ್ಟಳು. ನನ್ನ ಕಾಲ ಬಳಿ ಅದನ್ನು ಬಿಚ್ಚಿದಳು. ಮಂಡಕ್ಕಿ, ಮೇಲೆ ಎರಡು ಸಲ ಕರಿದ ಮಿರ್ಚಿ. ನಾಟಕ ಮುಗಿದ ಮೇಲೆ ಮೊಮ್ಮಗನಿಗೆಂದು ತಂದಿದ್ದು. "ಕುಂದ್ರಪಾ, ಉಣ್ಣು. ಹುಡುಗನ ತಲಿ ಯಾಕ ತಿಂತಿ? ಇದನ್ನ ತಿನ್ನು."

ನಾನು ಪಕ್ಕಕ್ಕೆ ನೋಡಿದೆ. ಸರ್ ಪುಸ್ತಕ ಹಿಡಿದು, ಬಾಯಿ ತೆರೆದು ನಿಂತಿದ್ದರು. ನನ್ನ ಮುಂದಿನ ಮಾತೆಲ್ಲ ತಲೆಯಿಂದ ಹಾರಿಹೋಗಿತ್ತು. ಬೆಳಿಗ್ಗೆಯಿಂದ ಉಪವಾಸವಿದ್ದವನ ಮೂಗಿನ ಕೆಳಗೆ ಅಜವಾನದ ಘಮ. ದೊಡ್ಡವರು ಉಣ್ಣು ಎಂದರೆ ಉಣ್ಣಬೇಕು ಎಂದು ಬೆಳೆದ ಹುಡುಗ ನಾನು. ಕೂರಲು ಕವಚ ಬಿಡಲಿಲ್ಲ. ನಿಂತೇ ಕೈಚಾಚಿದೆ, ಅಜ್ಜಿ ಕೈಗಿಟ್ಟಳು, ಶಿರಸ್ತ್ರಾಣದ ಸಂದಿಯಿಂದ ಮಿರ್ಚಿ ಒಳಗೆ ಹೋಯಿತು. ಸಭೆ ಬಿದ್ದು ಬಿದ್ದು ನಕ್ಕಿತು. ಸೇಡು ಕೇಳಲು ಬಂದ ಮಹಾರಾಜ ಕರಕರ ಅಗಿಯುತ್ತಿದ್ದ.

ನಾನು ಎರಡನೆಯದಕ್ಕೆ ಕೈಚಾಚುವ ಹೊತ್ತಿಗೆ ಅಜ್ಜಿಯ ದನಿ ಬದಲಾಗಿತ್ತು. ಅವಳು ನನ್ನ ತಗಡಿನ ಎದೆಯ ಮೇಲೆ, ಆ ಶೇಂಗಾಕಾಯಿಯ ಚಿತ್ರದ ಮೇಲೆ, ಅಂಗೈ ಇಟ್ಟಳು. ಅವಳು ಈಗ ಯಾವ ರಾಜನೊಂದಿಗೂ ಮಾತಾಡುತ್ತಿಲ್ಲ ಎಂದು ನನಗೆ ಗೊತ್ತಾಯಿತು, ಸಭೆಗೂ ಗೊತ್ತಾಯಿತು. ನಗು ತಾನಾಗಿ ಇಳಿಯಿತು.

"ನೋಡಪಾ. ಆಕಿ ನಿನ್ನ ಹೆಸರಿಲೆ ಇಷ್ಟು ವರ್ಷ ಎಡಿ ಇಟ್ಟಾಳ. ನಿನಗ ಹೆಂಗ ಬೇಕೋ ಹಂಗಾ ಹುಳಿ ತುಂಬಿ, ಎರಡು ಸಲ ಕರದು. ನನ್ನ ಸಾಕ್ಯಾಳ, ನಿನ್ನ ಮಗನ್ನ ಓದ್ಸ್ಯಾಳ. ನಿನಗ ಇನ್ನೇನು ಕಡಿಮಿ ಆಗೈತಿ? ಆಕಿ ಒಂದು ಹಸರು ಸೀರಿ ಉಡ್ಲಿ ಬಿಡು. ನಾನ್ ಹಡದಾಕಿ ಹೇಳಾಕತ್ತೀನಿ. ನೀ ಬ್ಯಾಡ ಅನ್ನಾಂವಲ್ಲ, ನನಗ ಗೊತ್ತೈತಿ. ಈ ಹುಡುಗಗ ಗೊತ್ತಿಲ್ಲ. ಅವನು ನಿನ್ನ ಜೊತಿ ಭಾಳ ದಿನ ಇರ್ಲಿಲ್ಲ ನೋಡು."

ಕೊಟ್ರೇಶ ಕಪ್ಪು ಕೋಟಿನಲ್ಲಿ ನಿಂತಿದ್ದ. ಕೆಳಗೆ ಗಂಗಮ್ಮ ಸೆರಗು ಸರಿಸಿ ಮೊದಲ ಬಾರಿಗೆ ತಲೆ ಎತ್ತಿ ಮಗನನ್ನು ನೋಡಿದಳು. ಅವನು ಒಂದು ಹೆಜ್ಜೆ ನನ್ನ ಕಡೆಗೆ ಬಂದ. ಹತ್ತಿರದಿಂದ ನೋಡಿದರೆ ಅವನ ಮುಖದ ಪೌಡರ್ ಕಣ್ಣೀರಿಗೆ ಗೆರೆಗೆರೆಯಾಗಿತ್ತು. ಅವನು ನನ್ನ ಶಿರಸ್ತ್ರಾಣದ ಕತ್ತಲೆಯೊಳಗೆ ಇಣುಕಿ, ಅಲ್ಲಿ ನಾನಿದ್ದೇನೆಂದು ಗೊತ್ತಿದ್ದೂ, ಮೆಲ್ಲಗೆ ಕೇಳಿದ.

"ಉಂಡ್ಯೇನಪಾ?"

ನನಗೆ ಇಂದಿಗೂ ನನ್ನ ಬಾಳಿನಲ್ಲಿ ಅದಕ್ಕಿಂತ ದೊಡ್ಡ ಮಾತು ಆಡಿದ್ದು ನೆನಪಿಲ್ಲ. "ಉಂಡೆ" ಎಂದೆ. ಬಾಯಲ್ಲಿ ಇನ್ನೂ ಮಿರ್ಚಿ ಇತ್ತು.

"ಹಂಗಾರ ಹೋಗಿ ಬಾ" ಎಂದ ಅವನು.

ಅಜ್ಜಿ ಅವನ ತಲೆಗೊಂದು ಮೊಟಕಿದಳು. "ಬಾ ಅನಬಾರ್ದಲೇ ಹುಚ್ಚಾ! ಬದುಕಿದ್ದೋರಿಗೆ ಹೋಗಿ ಬಾ ಅನ್ನೋದು. ಸತ್ತೋರಿಗೆ ಬಾ ಅಂದ್ರ ಇಲ್ಲೇ ಬಾಗಲಾಗ ಸುತ್ತತಾರ, ಮುಂದಕ ಹೋಗಂಗಿಲ್ಲ. ಹೋಗು ಅನ್ನು."

ಅವನಿಗೆ ಅದು ಸುಲಭವಾಗಿರಲಿಲ್ಲ. ತುಟಿ ಕಚ್ಚಿದ, ತಾಯಿಯ ಕಡೆ ನೋಡಿದ, ಮತ್ತೆ ನನ್ನ ಕಡೆ ತಿರುಗಿದ. "ಹೋಗಪಾ" ಎಂದ. ನಾನು ತಗಡು ಗಲಗಲಿಸುತ್ತ ಹೊರಟೆ. ಸಭೆಯಲ್ಲಿ ಚಪ್ಪಾಳೆ ಬೀಳಲಿಲ್ಲ. ಎಲ್ಲರೂ ದಾರಿ ಬಿಡುವವರಂತೆ ಎದ್ದುನಿಂತರು. ಪರದೆಯ ಹಿಂದೆ ಹೋಗಿ ಆ ಸ್ಟೂಲಿಗೆ ಒರಗಿ ನಾನೂ ಅತ್ತೆ. ಯಾಕೆ ಅತ್ತೆನೆಂದು ಕೇಳಬೇಡಿ, ಖಾರವೂ ಜೋರಾಗಿತ್ತು.

ಸರ್ ಒಂದೆರಡು ದಿನ ಮುನಿಸಿಕೊಂಡಂತೆ ತಿರುಗಿದರು. "ಐದು ಅಂಕದಾಗೆ ಸಾಯೋರನ್ನೆಲ್ಲ ನಿಮ್ಮಜ್ಜಿ ಒಂದೇ ಅಂಕದಾಗೆ ಬದುಕಿಸಿಬಿಟ್ಟಳಲ್ಲೋ" ಎಂದು ಕೊಟ್ರೇಶನಿಗೆ ಹೇಳಿದರು. ಆಮೇಲೆ ದಿನಾ ಹರಪನಹಳ್ಳಿ ಬಸ್ಸಿಗೆ ಕಾಯುವಾಗ ಅದೇ ಬೇವಿನ ಮರದ ಕೆಳಗೆ ನಿಂತು ಮಿರ್ಚಿ ತಿನ್ನತೊಡಗಿದರು.

ಗ್ಯಾದರಿಂಗಿನ ಮಾರನೆಯ ಬೆಳಿಗ್ಗೆ ನಾನು ಅಂಗಡಿಯಲ್ಲಿ ಧೂಳು ಹೊಡೆಯುತ್ತಿದ್ದೆ. ಕೊಟ್ರೇಶ ಬಂದು ಚಪ್ಪಲಿ ಬಿಟ್ಟು ಒಳಗೆ ಕೂತ. ನಮ್ಮಪ್ಪನಿಗೆ, "ಕಾಕಾ, ಆ ಸೀರಿ ತಗೀರಿ, ನಾನಾ ಒಯ್ಯತೀನಿ" ಎಂದ. ನಮ್ಮಪ್ಪ ಏಣಿ ಹತ್ತಿ ಇಳಿಸಿಕೊಟ್ಟ. ಕೊಟ್ರೇಶ ಮಡಿಕೆ ಬಿಚ್ಚಿ, ಸೆರಗನ್ನು ಬಾಗಿಲಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಆ ಮನುಷ್ಯಾಗ ಬಣ್ಣ ಆರಿಸಾಕ ಬರ್ತೈತಿ ಬಿಡಲೇ" ಎಂದ ನನಗೆ. ಗುರುಶಾಂತಪ್ಪನ ಬಗ್ಗೆ ಅವನು ಆಡಿದ ಮೊದಲ ಒಳ್ಳೆಯ ಮಾತು ಅದು.

ಉಡಿಕಿ ಹಾಡುಹಗಲಿನಲ್ಲೇ ನಡೆಯಿತು. ಕತ್ತಲಾಗಲಿ ಎಂದವರಿಗೆ ಹಾಲಮ್ಮಜ್ಜಿ, "ಯಾಕ, ನಾವೇನ್ ಕದ್ದೀವೇನು?" ಎಂದಳಂತೆ. ಬೇವಿನ ಮರದ ಕೆಳಗೇ ಎಲ್ಲರಿಗೂ ಮಿರ್ಚಿ. ಬಸ್ಸು ಇಳಿದವರಿಗೂ, ಹತ್ತುವವರಿಗೂ. ಗಂಗಮ್ಮ ಆ ಹಸಿರು ಸೀರೆ ಉಟ್ಟು ಒಲೆಯ ಮುಂದೆ ಹೋಗಲು ನೋಡಿದರೆ ನಸೀಮಾ, "ಇವತ್ತು ರಾಣಿ ನೀವು, ಕುರ್ಚಿ ಮ್ಯಾಲೆ ಕುಂದರ್ರಿ" ಎಂದು ಕೈಹಿಡಿದು ಕೂರಿಸಿದಳು. ಬಾಣಲೆಯ ಮುಂದೆ ಗುರುಶಾಂತಪ್ಪ ಕೂತ. ಮೊದಲ ಸುತ್ತು ಪೂರ್ತಿ ಹೊತ್ತಿಸಿ ಕರಕಲು ಮಾಡಿದ. ಅವನನ್ನು ಎಬ್ಬಿಸಿ ಕೊಟ್ರೇಶ ಕೂತ. ನನ್ನ ಕವಚ ಮುಂದೆ ಮಂಡಕ್ಕಿ ತುಂಬುವ ಮೊರವಾಗಿ ಬಹಳ ವರ್ಷ ಆ ಅಂಗಡಿಯಲ್ಲಿತ್ತು, ಎದೆಯ ಶೇಂಗಾಕಾಯಿ ಸಮೇತ.

ಅಂದಿನಿಂದ ಪ್ರತಿ ಹಿರಿಯರ ಹಬ್ಬಕ್ಕೆ ಅವರ ಮನೆಯಲ್ಲಿ ಕೊಟ್ರೇಶನ ಅಪ್ಪನಿಗೆ ಮಿರ್ಚಿಯ ಎಡೆ ಇಡುವವನು ಗುರುಶಾಂತಪ್ಪನೇ. ಈಗ ಹೊತ್ತಿಸುವುದಿಲ್ಲವಂತೆ. ಹಡಗಲಿಯಲ್ಲಿ ಮೇಷ್ಟ್ರಾಗಿರುವ ಕೊಟ್ರೇಶ ಆ ದಿನ ತಪ್ಪದೆ ಊರಿಗೆ ಹೋಗುತ್ತಾನೆ. ನಿನ್ನೆ ಅವನು ಫೋನು ಮಾಡಿದ್ದ. ಈ ಸಲ ಎಲೆ ಎರಡು ಎಂದ. ಬೇಸಿಗೆಯಲ್ಲಿ ಹಾಲಮ್ಮಜ್ಜಿ ಹೋದಳು. ಮಧ್ಯಾಹ್ನ ಮೆಣಸಿನಕಾಯಿ ಸೀಳಿಟ್ಟು, ಸೊಸೆಯ ಜೊತೆ ಉಪ್ಪು ಹೆಚ್ಚಾಯಿತೆಂದು ಜಗಳವಾಡಿ, ಮಲಗಿದವಳು ಏಳಲಿಲ್ಲ. ನನಗೆ ಹೋಗಲು ಆಗಿರಲಿಲ್ಲ.

ಇಷ್ಟು ಬರೆದು ಎದ್ದು ಹೋಗಿ ಹೆಂಡತಿಗೆ, ನಾಳೆ ನಮ್ಮ ಹಿರಿಯರ ಪಕ್ಕದಲ್ಲಿ ಇನ್ನೊಂದು ಎಲೆ ಬೇಕು ಎಂದೆ. "ಯಾರಿಗ್ರೀ?" ಎಂದಳು. ಹೇಳಿದೆ. ಅಜ್ಜಿ ನಮ್ಮ ಬಳಗದವಳಲ್ಲ, ಜಾತಿ ಗೋತ್ರ ನೋಡಿದರೆ ಎಡೆ ಇಡಲು ನನಗೆ ಹಕ್ಕಿಲ್ಲ. ಹೆಂಡತಿ ಮೆಣಸಿನಕಾಯಿಯ ಬುಟ್ಟಿಯನ್ನು ನನ್ನ ಕಡೆ ನೂಕಿದಳು. "ಹಂಗಾರ ಸೀಳ್ರಿ. ಹುಳಿ ನೆನಿ ಹಾಕ್ತೀನಿ. ಎರಡು ಸಲ ಕರೀಬೇಕಲ್ಲ?" ಎಂದಳು. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ, ಅವಳಿಗೆ ಪಾಕ ಬಾಯಿಪಾಠ.

ನಾಳೆ ಎಡೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ ಹೊರಗೆ ಕಟ್ಟೆಯ ಮೇಲೆ ಕೂರುತ್ತೇನೆ. ಅಜ್ಜಿ ಉಂಡಾಳು ಎನಿಸುವಷ್ಟು ಹೊತ್ತು ಕಾಯುತ್ತೇನೆ. ಆಮೇಲೆ ಏನು ಹೇಳಬೇಕೆಂದು ಅವಳೇ ಕಲಿಸಿದ್ದಾಳೆ. ನಮ್ಮಪ್ಪನಿಗೂ ಅಮ್ಮನಿಗೂ ಅವಳು ಹೇಳಿದ ಹಾಗೆಯೇ ಹೇಳಿ ಕಳಿಸಿದ್ದೇನೆ, ಒಮ್ಮೆಯೂ ತಪ್ಪಿಲ್ಲ. ಆದರೆ ಕಾಯಿ ಸೀಳುತ್ತ, ಉರಿಯುವ ಹೆಬ್ಬೆರಳನ್ನು ಊದಿಕೊಳ್ಳುತ್ತ ನಿರ್ಧಾರ ಮಾಡಿದ್ದೇನೆ. ಅವಳು ಬಂದು ನನ್ನ ತಲೆಗೆ ಮೊಟಕಿದರೆ ಮೊಟಕಲಿ, ಅದಕ್ಕಾಗಿಯಾದರೂ ಬರಲಿ.

ಹೋಗಿ ಬಾ ಅಜ್ಜಿ ಎನ್ನುತ್ತೇನೆ.